ಎರಡು ಮನೆಯ ಬೀಜ

ಹಿರೇಕೆರೂರು
12 ಜುಲೈ 2023

ಮಗಳಂಥ ಗುಲ್ನಾರಳಿಗೆ,

ಹೇಗಿದ್ದೀರಿ ಎಂದು ಕೇಳಿ, ನಾವೂ ಹಾಗೇ ಇದ್ದೇವೆ ಎಂದು ಬರೆದು ಅರ್ಧ ಹಾಳೆ ತುಂಬಿಸುವುದು ನನಗೆ ಆಗದ ಕೆಲಸ. ನೇರ ಸುದ್ದಿಗೆ ಬರುತ್ತೇನೆ. ಸೋಮವಾರ ನೀನು ಫೋನ್ ಮಾಡಿದ್ದೆಯಂತೆ. ನಾನು ಎತ್ತಿ ಹಲೋ ಹಲೋ ಎಂದು ಕೂಗಿ ಇಟ್ಟೆ. ನನ್ನ ಕಿವಿಯ ಕಥೆ ನಿನಗೆ ಗೊತ್ತಲ್ಲ. ನೀನು ಸವಣೂರಿನಿಂದ ಕೂಗಿದ್ದು ನಮ್ಮ ಓಣಿಗೆಲ್ಲ ಕೇಳುತ್ತದೆ, ನನ್ನೊಬ್ಬಳನ್ನು ಬಿಟ್ಟು. ಅದಕ್ಕೇ ಹೇಳುತ್ತೇನೆ, ಬರೆ. ನಿಮ್ಮ ತೋಟದ ವೀಳ್ಯದೆಲೆಯ ಬುಟ್ಟಿ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಮಗ ಪ್ರಶಾಂತನ ಪಾನಂಗಡಿಗೆ ಬರುತ್ತದೆ. ಅದರಲ್ಲೊಂದು ಕಾಗದ ಸಿಕ್ಕಿಸಿಬಿಡು. ಖಾಲಿ ಬುಟ್ಟಿಯಲ್ಲಿ ನನ್ನ ಉತ್ತರ ವಾಪಸು ಬರುತ್ತದೆ. ಮೂವತ್ತು ವರ್ಷ ಅಂಗನವಾಡಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇದು, ಬರೆಯಲು ಬೇಸರವಿಲ್ಲ.

ನಿನ್ನ ಮಾವ ಫಕ್ರುಸಾಬರ ಕಣ್ಣಿನ ಆಪರೇಶನ್ ನಿಕ್ಕಿಯಾಯಿತೆಂದೂ, ಈ ವರ್ಷ ಹುಲಗೂರ ಮೆಣಸಿನಕಾಯಿಯ ಬೀಜ ನಿನ್ನ ಕೈಗೆ ಬಂತೆಂದೂ ಪ್ರಶಾಂತ ಹೇಳಿದ. ಸಂತೋಷ. ಆದರೆ ಆ ಬೀಜದ ರೀತಿ ರಿವಾಜು ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ನನ್ನ ಅತ್ತೆ, ನಿನ್ನ ಮಾವನ ತಾಯಿ, ಇಬ್ಬರೂ ಒಂದು ಕಾಲಕ್ಕೆ ಹುಲಗೂರು ದರ್ಗಾದ ಕಟ್ಟೆಯ ಮೇಲೆ ಅಕ್ಕಪಕ್ಕ ಬುತ್ತಿ ಬಿಚ್ಚಿ ಕೂತಿದ್ದರು. ನಿಮ್ಮವರ ಕೆಂಪು ಚಟ್ನಿ ನಮ್ಮವರಿಗೆ ಹಿಡಿಸಿತು. ಅದರ ಬೀಜ ನಮ್ಮ ಮನೆಗೆ ಬಂತು. ಅಂದಿನಿಂದ ನಾವು ಬೀಜದ ಬೀಗರು. ಹೆಣ್ಣು ಕೊಟ್ಟಿಲ್ಲ, ತಂದಿಲ್ಲ, ಆದರೂ ಬೀಗರು. ಬಣ್ಣ ಮೊದಲು ಬಂದು ಖಾರ ತಡವಾಗಿ ಏರುವ ಆ ಕಾಯಿ ಈ ಎರಡು ಮನೆ ಬಿಟ್ಟು ಬೇರೆ ಎಲ್ಲೂ ಇಲ್ಲ.

ರಿವಾಜು ಒಂದೇ. ಎರಡೂ ಮನೆಯವರು ಒಂದೇ ವರ್ಷ ಇದ್ದ ಬೀಜವನ್ನೆಲ್ಲ ಬಿತ್ತಬಾರದು. ಒಬ್ಬರು ಪೂರಾ ಬಿತ್ತಿದರೆ ಇನ್ನೊಬ್ಬರು ಒಂದು ಹಿಡಿ ತೆಗೆದಿಡಬೇಕು. ಈ ಸಲ ತೆಗೆದಿಡುವ ಪಾಳಿ ನಿಮ್ಮದು. ಹೋದ ವರ್ಷದ ಅತಿ ಮಳೆಗೆ ಎರಡೂ ಕಡೆ ಕಾಯಿ ಗಿಡದಲ್ಲೇ ಕೊಳೆತವು, ಹೊಸ ಬೀಜ ಆಗಲಿಲ್ಲ. ಇದ್ದದ್ದು ಹಳೆಯದು, ಇನ್ನೊಂದು ವರ್ಷ ಇಟ್ಟರೆ ಹುಟ್ಟುವುದು ದೇವರ ಇಚ್ಛೆ. ಅದಕ್ಕೇ ನಾನು ಡಬ್ಬಿ ಝಾಡಿಸಿ ಎಲ್ಲ ಬಿತ್ತಿದೆ. ಸಸಿ ಹುಟ್ಟಿ ನಗುತ್ತಿವೆ. ನಿಮ್ಮ ಹಿಡಿ ಬೀಜ ಇದೆ ಎಂಬ ಧೈರ್ಯ ನನಗೆ.

ಸರೋಜವ್ವ


ಸವಣೂರು
16 ಜುಲೈ 2023

ಸರೋಜವ್ವ ಅತ್ತಿಯವರಿಗೆ ಗುಲ್ನಾರಳ ನಮಸ್ಕಾರ.

ನಿಮ್ಮ ಕಾಗದ ಎಲೆಯ ತೇವಕ್ಕೆ ಮೆತ್ತಗಾಗಿ ಬಂತು. ಒಣಗಿಸಿ ಓದಿದೆ. ಮಾವನವರಿಗೂ ಓದಿ ಹೇಳಿದೆ. ಹುಲಗೂರಿನ ಚಟ್ನಿಯ ಮಾತು ಬಂದಾಗ ನಕ್ಕರು. "ಚಟ್ನಿ ಹಿಡಿಸಿದ್ದು ಸುಳ್ಳವ್ವಾ, ಆ ಮುದುಕಿ ಅರ್ಧಾ ಡಬ್ಬಿ ಖಾಲಿ ಮಾಡಿ ಕುಂತಿದ್ಲು, ನಮ್ಮವ್ವ ನಾಚಿ ಬೀಜಾ ಕೊಟ್ಟಳು" ಎಂದರು. ಆಪರೇಶನ್ ಆಗಸ್ಟ್ ಮೊದಲ ವಾರ, ಹುಬ್ಬಳ್ಳಿಯಲ್ಲಿ. ಆಮೇಲೆ ಒಂದು ತಿಂಗಳು ಹೊಲಕ್ಕೆ ಕಾಲಿಡುವಂತಿಲ್ಲ, ಧೂಳು ತಾಕಬಾರದಂತೆ. ಅಷ್ಟು ದಿನ ಮೆಣಸಿನ ಗಿಡ ಪೂರ್ತಿ ನನ್ನ ಮೇಲೆ.

ಸಸಿಗಳು ಚೆನ್ನಾಗಿ ಹುಟ್ಟಿವೆ. ಬೀಜದ ಡಬ್ಬಿ ಅಟ್ಟದ ಮೇಲೆ ಇದ್ದಲ್ಲೇ ಇದೆ. ಅದರ ಬಗ್ಗೆ ನೀವು ಚಿಂತೆ ಮಾಡಬೇಡಿ.

ಒಂದು ಮಾತು ಕೇಳಲೇ? ಎಂದಾದರೂ ಗೊತ್ತಿಲ್ಲದೆ ಎರಡೂ ಮನೆಯವರು ಎಲ್ಲವನ್ನೂ ಬಿತ್ತಿಬಿಟ್ಟರೆ ಏನಾಗುತ್ತದೆ? ಹಿಂದೆ ಯಾವಾಗಾದರೂ ಹಾಗೆ ಆಗಿದ್ದುಂಟೇ? ಸುಮ್ಮನೆ ಕೇಳಿದೆ.

ನಿಮ್ಮ ಗುಲ್ನಾರ


ಸವಣೂರು
9 ಆಗಸ್ಟ್ 2023

ಸರೋಜವ್ವ ಅತ್ತಿಯವರಿಗೆ,

ಮಾವನವರ ಕಣ್ಣಿನ ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿರುತ್ತಾರೆ. ಬಾಗಿಲ ಸಪ್ಪಳಾದರೆ ಸಾಕು, "ಗುಲ್ನಾರ, ಸಸಿ ಹೆಂಗದಾವವ್ವಾ?" ಎಂದು ಕೇಳುತ್ತಾರೆ.

ಜುಲೈ ಕೊನೆಯ ಮಳೆ ನಂಬಿ ಸಸಿ ಕಿತ್ತು ಎಲೆತೋಟದ ಬದುವಿನ ಆಚೆ ನಾಟಿ ಮಾಡಿದೆವು. ಅದೇ ಕೊನೆಯ ಮಳೆ. ಮೋಡ ಬರುತ್ತವೆ, ನೋಡುತ್ತವೆ, ಹೋಗುತ್ತವೆ. ಹತ್ತಿಮತ್ತೂರಿನ ದಾರಿಗುಂಟ ಗೋವಿನಜೋಳ ನೋಡಬೇಕು ನೀವು. ಎಲೆ ಸುರುಳಿ ಸುತ್ತಿಕೊಂಡು ಉಳ್ಳಾಗಡ್ಡಿಯ ಎಲೆಯಂತೆ ನೆಟ್ಟಗೆ ನಿಂತಿವೆ. ಬಿಸಿಲಿಗೆ ಮೈ ಕೊಡಬಾರದೆಂದು ಹಾಗೆ ಸುತ್ತಿಕೊಳ್ಳುತ್ತವೆಯಂತೆ.

ನಮ್ಮ ಪಕ್ಕದ ಮನೆಯ ಗುತ್ತೆವ್ವ ಇದ್ದಾಳಲ್ಲ, ಅವಳೂ ನಾಲ್ಕು ಸಾಲು ಮೆಣಸಿನ ಗಿಡ ಹಾಕಿದ್ದಾಳೆ. ಅವು ಮಧ್ಯಾಹ್ನವಾದರೆ ತಲೆ ಇಳಿಬಿಡುತ್ತವೆ. ಮೊದಲು ಸಂಜೆಗೆ ಏಳುತ್ತಿದ್ದವು. ಈಗ ಬೆಳಿಗ್ಗೆಯೂ ಪೂರ್ತಿ ಏಳುತ್ತಿಲ್ಲ. ಏನು ಮಾಡಬೇಕೆಂದು ಅವಳು ಕೇಳುತ್ತಿದ್ದಾಳೆ. ಪಾಪ, ಅವಳಿಗೆ ಹೆದರಿಕೆಯಾಗಿದೆ. ತಿಳಿಸುತ್ತೀರಾ?

ನಿಮ್ಮ ಗಿಡ ಹೇಗಿವೆ?

ಗುಲ್ನಾರ


ಹಿರೇಕೆರೂರು
12 ಆಗಸ್ಟ್ 2023

ಗುಲ್ನಾರ,

ಜುಲೈ ಕಾಗದದಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಉಳಿದಿತ್ತು. ಎರಡೂ ಮನೆಯವರು ಎಲ್ಲ ಬಿತ್ತಿದ್ದು ಇದುವರೆಗೆ ಇಲ್ಲ. ಬಿತ್ತಿದರೆ ಏನಾಗುತ್ತದೆ ಎಂದೆಯಲ್ಲ, ಏನೂ ಆಗುವುದಿಲ್ಲ, ನಾವಿಬ್ಬರೂ ತಲೆಕೆಟ್ಟವರು ಎಂದು ಊರಿಗೆ ಗೊತ್ತಾಗುತ್ತದೆ ಅಷ್ಟೆ.

ನಮ್ಮದು ಕೆರೆಯ ಕೆಳಗಿನ ಹೊಲ. ಮಳೆ ಮುನಿದರೂ ಕೆರೆ ಮುನಿಯುವುದಿಲ್ಲ. ನನ್ನ ಗಿಡಗಳೂ ಮಧ್ಯಾಹ್ನ ಸ್ವಲ್ಪ ಜೋಲು ಮುಖ ಮಾಡುತ್ತವೆ. ನಾನು ಬಿಡುತ್ತೇನೆಯೇ? ಪ್ರಶಾಂತನನ್ನು ಕೂಗಿ ಪೈಪು ಬಿಡಿಸಿ ಬುಡ ತುಂಬ ನೀರು ಹರಿಸುತ್ತೇನೆ. ಅವನಿಗೆ ಅಂಗಡಿ ಬಿಟ್ಟು ಬರಲು ಸಿಟ್ಟು. "ಅವ್ವಾ, ನೀ ಅವಕ್ಕ ನೀರು ಕುಡಸಾಕತ್ತೀಯೋ ಮುಳಗಸಾಕತ್ತೀಯೋ?" ಎನ್ನುತ್ತಾನೆ. ಬಾಯಿ ಒಣಗಿದವರಿಗೆ ಯಾರಾದರೂ ಚಮಚದಲ್ಲಿ ಕುಡಿಸುತ್ತಾರೆಯೇ?

ಗುತ್ತೆವ್ವನಿಗೆ ಹೇಳು, ಅತ್ತರೆ ನೀರು ಬರುತ್ತದೆ, ಆದರೆ ಅದು ಗಿಡಕ್ಕೆ ಸಾಲುವುದಿಲ್ಲ. ಕೊಡಗಟ್ಟಲೆ ಹಾಕಲಿ. ಕೈ ಬಿಗಿ ಹಿಡಿಯುವ ಹೆಂಗಸಿನಂತೆ ಕಾಣುತ್ತಾಳೆ.

ಸರೋಜವ್ವ


ಸವಣೂರು
18 ಆಗಸ್ಟ್ 2023

ಸರೋಜವ್ವ ಅತ್ತಿಯವರಿಗೆ,

ನಿಮ್ಮ ಮಾತನ್ನು ಗುತ್ತೆವ್ವನಿಗೆ ಹೇಳಿದೆ. ಕೊಡಗಟ್ಟಲೆ ನೀರು ಅವಳಿಗೆ ಎಲ್ಲಿಂದ ಬರಬೇಕು? ಬೋರಿನ ನೀರು ದಿನೇದಿನೇ ಸಣ್ಣಗಾಗುತ್ತಿದೆ. ಕರೆಂಟು ಇದ್ದಷ್ಟು ಹೊತ್ತು ಬಂದ ನೀರೆಲ್ಲ ಎಲೆಬಳ್ಳಿಗೆ ಹೋಗುತ್ತದೆ. ನನ್ನ ಯಜಮಾನರು ವಸೀಮ ಕಡ್ಡಿ ಮುರಿದಂತೆ ಹೇಳಿದ್ದಾರೆ: "ಬಳ್ಳಿ ಒಣಗಿದ್ರ ಒಲಿ ಹತ್ತೂದಿಲ್ಲ. ಮೆಣಸಿನಕಾಯಿ ಪ್ಯಾಟ್ಯಾಗ ಸಿಗತಾವ." ಅವರ ಮಾತೂ ತಪ್ಪಲ್ಲ. ಈ ಕಾಯಿ ಪೇಟೆಯಲ್ಲಿ ಸಿಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಮಾವನವರು ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡಿದ ನೀರನ್ನು ಬೋಗುಣಿಯಲ್ಲಿ ಹಿಡಿದು, ಅಕ್ಕಿ ತೊಳೆದ ನೀರು ಕೂಡಿಸಿ ಗುತ್ತೆವ್ವನ ಗಿಡಗಳಿಗೆ ಗುಟುಕು ಗುಟುಕು ಹಾಕುತ್ತೇವೆ. ಆದರೂ ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿವೆ. ಮುಟ್ಟಿದರೆ ಸಾಕು, ಕೈಯಲ್ಲಿ ಬರುತ್ತವೆ. ಕೆಲವು ಗಿಡಗಳ ತುದಿಯಲ್ಲಿ ಎರಡೇ ಎಲೆ ಉಳಿದಿವೆ, ಅವೂ ಮುಷ್ಟಿ ಹಿಡಿದಂತೆ ಮುದುಡಿವೆ. ಅತ್ತಿ, ಎಲೆ ಉದುರಿದ ಮೇಲೆ ಗಿಡ ಉಳಿಯುತ್ತದೆಯೇ? ಗುತ್ತೆವ್ವ ಅವನ್ನು ಕಿತ್ತು ಬಿಸಾಕುತ್ತೇನೆ ಎನ್ನುತ್ತಿದ್ದಾಳೆ. ನಾನು ತಡೆದಿದ್ದೇನೆ.

ಮಾವನವರು ಇವತ್ತೂ ಕೇಳಿದರು. "ಚಲೋ ಅದಾವ್ರಿ ಮಾವಾ" ಎಂದೆ. "ಕನ್ನಡಕ ತಗದ ಕೂಡ್ಲೆ ಮೊದಲ ಅವನ್ನ ನೋಡಾಂವ ನಾ" ಎಂದರು.

ಗುಲ್ನಾರ


ಹಿರೇಕೆರೂರು
24 ಆಗಸ್ಟ್ 2023

ಗುಲ್ನಾರ,

ತಡವಾಯಿತು. ಮೈಯಲ್ಲಿ ಚೆನ್ನಾಗಿರಲಿಲ್ಲ.

ಹೋದ ಸಲ ನಾನು ಹೇಳಿದ್ದನ್ನು ಮರೆತುಬಿಡು. ಗುತ್ತೆವ್ವನಿಗೆ ಈಗಲೇ ಹೋಗಿ ಹೇಳು, ಒಂದೇ ಸಲ ನೀರು ಸುರಿಯಬಾರದು. ಬಿಸಿಲಿನಲ್ಲಂತೂ ಬೇಡವೇ ಬೇಡ. ನೆಲ ಕಾದಿರುತ್ತದೆ, ಬೇರು ಸೋತಿರುತ್ತದೆ. ಉಪವಾಸ ಬಿದ್ದವನ ಬಾಯಿಗೆ ತುಂಬಿದ ತಾಟು ಸುರಿದಂತೆ ಆಗುತ್ತದೆ. ಗುಟುಕು ಗುಟುಕು ಎಂದು ಬರೆದಿದ್ದೆಯಲ್ಲ, ಅಷ್ಟೇ ಸಾಕು. ಹೊತ್ತು ಮುಳುಗುವಾಗ ಹಾಕಲಿ. ಬುಡಕ್ಕೆ ಒಣಗಿದ ಹುಲ್ಲು ಮುಚ್ಚಲಿ.

ಎಲೆ ಉದುರಿದವೆಂದು ಕೀಳಬಾರದು. ಕೀಳಬಾರದು, ತಿಳಿಯಿತೇ? ಎಲೆ ಇದ್ದಷ್ಟೂ ಗಿಡದ ನೀರು ಆರುತ್ತದೆ. ಅದಕ್ಕೇ ಅದು ತಾನೇ ಎಲೆ ಬಿಟ್ಟುಕೊಟ್ಟು ಕಾಂಡ ಕಾಯ್ದುಕೊಳ್ಳುತ್ತದೆ. ಉಗುರಿನಿಂದ ಕಾಂಡವನ್ನು ಸ್ವಲ್ಪ ಕೆರೆದು ನೋಡಲಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದು ಇದ್ದರೆ ಇಲ್ಲ.

ನಿಮ್ಮ ಅಟ್ಟದ ಡಬ್ಬಿಗೆ ಇಲಿ ಹತ್ತದ ಹಾಗೆ ನೋಡಿಕೋ.

ಸರೋಜವ್ವ


ಸವಣೂರು
31 ಆಗಸ್ಟ್ 2023

ಸರೋಜವ್ವ ಅತ್ತಿಯವರಿಗೆ,

ಹೋದ ಕಾಗದದಲ್ಲಿ ನೀವು ಒಂದು ತಮಾಷೆಯನ್ನೂ ಮಾಡಲಿಲ್ಲ. ನಿಮ್ಮ ಗಿಡಗಳ ಸುದ್ದಿಯನ್ನೂ ಬರೆಯಲಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದೀರಿ ಎಂದುಕೊಂಡೆ. ಸಿಟ್ಟಿದ್ದರೂ ಇದನ್ನು ಪೂರ್ತಿ ಓದಿ.

ಗುತ್ತೆವ್ವ ಮೆಣಸಿನ ಗಿಡ ಹಾಕಿಯೇ ಇಲ್ಲ. ಬಾಡಿದ್ದು ನಮ್ಮವು. ನಿಮ್ಮ ಬೀಜ, ನಮ್ಮ ಬೀಜ, ಆ ಬೀಜದ ಗಿಡಗಳೇ ಅವು. ನಾಟಿ ಮಾಡಿದ್ದರಲ್ಲಿ ಬಹಳಷ್ಟು ಸತ್ತಿವೆ. ಉಳಿದವು ಬರೀ ಕಡ್ಡಿ. ಒಂದಕ್ಕೂ ಎಲೆ ಇಲ್ಲ. ನೀವು ಹೇಳಿದಂತೆ ಉಗುರಿನಿಂದ ಕೆರೆದು ನೋಡಲು ನನಗೆ ಧೈರ್ಯ ಸಾಲುತ್ತಿಲ್ಲ. ಒಳಗೆ ಕಂದು ಕಂಡರೆ ಮುಂದೆ ಏನು ಮಾಡಲಿ? ನೋಡದೆ ಇರುವಷ್ಟು ದಿನ ಜೀವ ಇದೆ ಎಂದುಕೊಳ್ಳಬಹುದು.

ಬರುವ ವಾರ ಮಾವನವರ ಕಪ್ಪು ಕನ್ನಡಕ ತೆಗೆಯುತ್ತಾರೆ. ಅವರು ನೆಟ್ಟಗೆ ಹೊಲಕ್ಕೆ ಹೋಗುತ್ತಾರೆ. ತಾಯಿ ಕೊಟ್ಟ ಬೀಜ ಅದು. ನನ್ನ ಕೈಗೆ ಕೊಡುವಾಗ "ಇದೊಂದ ಕೆಡಬಾರದವ್ವಾ, ಉಳದದ್ದ ಏನರ ಆಗ್ಲಿ" ಎಂದಿದ್ದರು. ನಾನು ದಿನಾ ಸುಳ್ಳು ಹೇಳಿ ಹೇಳಿ, ಈಗ ಅವರ ಕೆಮ್ಮು ಕೇಳಿದರೂ ಬೆಚ್ಚಿ ಬೀಳುತ್ತೇನೆ.

ನಿಮ್ಮದು ಕೆರೆಯ ಕೆಳಗಿನ ಹೊಲ. ನಿಮ್ಮಲ್ಲಿ ಗಿಡ ಬೇಕಾದಷ್ಟಿವೆ. ಹತ್ತೇ ಹತ್ತು ಗಿಡ ಬುಡದ ಮಣ್ಣಿನ ಸಮೇತ ಕಿತ್ತು, ಒದ್ದೆ ಗೋಣಿ ಸುತ್ತಿ, ಖಾಲಿ ಬುಟ್ಟಿಯಲ್ಲಿ ಕಳಿಸಿಕೊಡಿ. ಕೈ ಮುಗಿದು ಕೇಳುತ್ತೇನೆ.

ಗುಲ್ನಾರ


ಹಿರೇಕೆರೂರು
31 ಆಗಸ್ಟ್ 2023

ಗುಲ್ನಾರ,

ನಿನಗೆ ಒಂದು ಮಾತು ಮುಚ್ಚಿಟ್ಟಿದ್ದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಗಿಡಗಳು ಹೋದವು. ಎಲ್ಲವೂ.

ಬರ ತಿಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ನಾನೇ ತಿಂದೆ. ಮಧ್ಯಾಹ್ನ ಅವು ತಲೆ ಬಾಗಿಸಿದ್ದು ನೋಡಿದರೆ ನನಗೆ ನಿಲ್ಲಲು ಆಗುತ್ತಿರಲಿಲ್ಲ. ಹೆದರಿ ಹೆದರಿ ನೀರು ಬಿಟ್ಟೆ. ಬುಡದಲ್ಲಿ ನೀರು ನಿಂತಿತು. ನಾಲ್ಕು ದಿನ ಹಸಿರಾಗಿ ಎದ್ದು ನಿಂತವು, ನಾನು ಹಿಗ್ಗಿದೆ. ಐದನೆಯ ದಿನ ಒಂದು ಸಾಲು ಪೂರ್ತಿ ಜೋತು ಬಿತ್ತು. ನೆಲ ಹಸಿ ಇದೆ, ಗಿಡ ಮಾತ್ರ ಬಾಯಾರಿದಂತೆ ಬಾಡಿದೆ. ನಾನು ಮತ್ತಷ್ಟು ನೀರು ಬಿಟ್ಟೆ. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು ಕೈಗೆ ಅಂಟಿತು. ಅತಿಯಾದರೆ ಅಮೃತವೂ ವಿಷ ಎಂದು ಅಂಗನವಾಡಿಯ ಗೋಡೆಯ ಮೇಲೆ ನಾನೇ ಬರೆಸಿದ್ದೆ.

ಮೈಯಲ್ಲಿ ಚೆನ್ನಾಗಿಲ್ಲ ಎಂದು ಬರೆದದ್ದು ಇದಕ್ಕೇ. ಪ್ರಶಾಂತ "ಹೋಗ್ಲಿ ಬಿಡವ್ವಾ, ಅವರ ಹಂತೇಕ ಬೀಜ ಐತೆಲ್ಲಾ" ಎಂದ. ಅದೊಂದೇ ಮಾತು ಹಿಡಿದುಕೊಂಡು ಕೂತಿದ್ದೇನೆ.

ಡಬ್ಬಿಯ ಹಿಡಿ ಬೀಜದಲ್ಲಿ ನನಗೆ ಅರ್ಧ ಬೇಡ, ಕಾಲು ಭಾಗ ಕಳಿಸು. ಈ ಸಲ ಹೊಲಕ್ಕೆ ಹಾಕುವುದಿಲ್ಲ, ಕುಂಡದಲ್ಲಿ ಹಾಕಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ. ಫಕ್ರುಸಾಬರಿಗೆ ಸದ್ಯ ಹೇಳಬೇಡ. ಅವರ ಕಣ್ಣು ವಾಸಿಯಾಗಲಿ.

ಸರೋಜವ್ವ


ಸವಣೂರು
2 ಸೆಪ್ಟೆಂಬರ್ 2023

ಸರೋಜವ್ವ ಅತ್ತಿಯವರಿಗೆ,

ನನ್ನ ಕಾಗದ ನಿಮ್ಮ ಕಡೆಗೂ ನಿಮ್ಮ ಕಾಗದ ನನ್ನ ಕಡೆಗೂ ಒಂದೇ ದಿನ ಬಸ್ಸು ಹತ್ತಿವೆ. ಹಾವೇರಿ ಸ್ಟ್ಯಾಂಡಿನಲ್ಲಿ ಎರಡೂ ಬುಟ್ಟಿ ಅಕ್ಕಪಕ್ಕ ಕೂತಿದ್ದವೋ ಏನೋ. ನಾನು ನಿಮ್ಮ ಗಿಡ ಕೇಳಿದೆ, ನೀವು ನನ್ನ ಬೀಜ ಕೇಳಿದಿರಿ. ಓದಿ ಕುಂತಲ್ಲೇ ಕುಂತೆ. ಒಲೆಯ ಮೇಲಿನ ಅನ್ನ ಸೀದದ್ದೂ ಗೊತ್ತಾಗಲಿಲ್ಲ.

ಅತ್ತಿ, ಡಬ್ಬಿಯಲ್ಲಿ ಬೀಜ ಇಲ್ಲ.

ಡಬ್ಬಿ ಇದ್ದಲ್ಲೇ ಇದೆ ಎಂದು ಬರೆದಿದ್ದೆ. ಅದು ನಿಜ. ಡಬ್ಬಿ ಖಾಲಿ ಇದೆ. ನಿಮ್ಮ ಮೊದಲ ಕಾಗದ ಬರುವ ಮೊದಲೇ ನಾನು ಎಲ್ಲವನ್ನೂ ಬಿತ್ತಿಯಾಗಿತ್ತು. ಮಾವನವರು ಬೀಜ ಕೊಡುವಾಗ ಪಾಳಿಯ ವಿಷಯ ಹೇಳಲಿಲ್ಲ. ಈ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ಮಾತು ಎಂದು ಅವರ ಎಣಿಕೆ. ಹಳೆಯ ಬೀಜ, ಎಷ್ಟು ಹುಟ್ಟುತ್ತವೋ ಏನೋ ಎಂದು ನಾನು ಒಂದನ್ನೂ ಬಿಡದೆ ಹಾಕಿದೆ. ನಿಮ್ಮ ಕಾಗದ ಓದಿದ ದಿನದಿಂದ ನನಗೆ ಅನ್ನ ಸೇರಿಲ್ಲ. ಅವತ್ತೇ ಹೇಳಿದ್ದರೆ ನೀವು ಅಷ್ಟು ಧೈರ್ಯದಿಂದ ನೀರು ಸುರಿಯುತ್ತಿರಲಿಲ್ಲ.

ನಿಮ್ಮ ಮೇಲೂ ನನಗೆ ಸಿಟ್ಟು ಬಂತು. ಗಿಡ ಸತ್ತು ಹತ್ತಾರು ದಿನವಾದರೂ ಬಾಯಿ ಬಿಡಲಿಲ್ಲ ನೀವು. ನಾನು ಕೆರೆಯ ಕೆಳಗಿನ ಹೊಲ ನೆನೆಸಿಕೊಂಡು ಬದುಕಿದ್ದೆ. ದೊಡ್ಡವರಿಗೆ ಹೀಗೆ ಬರೆಯಬಾರದು. ಬರೆದಿದ್ದೇನೆ.

ಈಗ ಇಡೀ ಜಗತ್ತಿನಲ್ಲಿ ಹುಲಗೂರ ಕಾಯಿ ಎಂದರೆ ನಮ್ಮ ಹೊಲದ ಈ ಕಡ್ಡಿಗಳು. ನನಗೆ ಬಹಳ ಹೆದರಿಕೆಯಾಗುತ್ತಿದೆ.

ಗುಲ್ನಾರ


ಹಿರೇಕೆರೂರು
3 ಸೆಪ್ಟೆಂಬರ್ 2023

ಗುಲ್ನಾರ,

ಬೈಸಿಕೊಂಡೆ. ಸರಿಯಾಗಿಯೇ ಬೈದಿದ್ದೀಯ. ನಾನೂ ನಿನ್ನನ್ನು ಬೈಯಲು ಎರಡು ಹಾಳೆ ಬರೆದೆ. ಆಮೇಲೆ ಹರಿದು ಹಾಕಿದೆ. ಬೈದಾಡಲು ಚಳಿಗಾಲ ಪೂರ್ತಿ ಇದೆ, ಕಡ್ಡಿಗಳಿಗೆ ಅಷ್ಟು ಪುರುಸೊತ್ತಿಲ್ಲ.

ಗುತ್ತೆವ್ವನ ಗಿಡಕ್ಕೆ ನಿನ್ನ ಮಾವನ ವಜೂ ನೀರು ಯಾಕೆ ಹೋಗುತ್ತದೆ ಎಂದು ನಾನು ಅಂದೇ ಕೇಳಿಕೊಳ್ಳಬೇಕಿತ್ತು. ನನ್ನ ದುಃಖದಲ್ಲಿ ನಾನಿದ್ದೆ.

ಈ ಕಾಗದ ಮುಟ್ಟಿದ ತಕ್ಷಣ ಹೊಲಕ್ಕೆ ಹೋಗು. ಕೆರೆದು ನೋಡು. ಹೆದರಿಕೆಯಾದರೆ ಕಣ್ಣು ಮುಚ್ಚಿಕೊಂಡು ಕೆರೆದು ಆಮೇಲೆ ಕಣ್ಣು ಬಿಡು. ತುದಿ ಕಂದಾಗಿದ್ದರೆ ಕೈ ಬಿಡಬೇಡ, ಕೆಳಗೆ ಇಳಿ. ಗೆಣ್ಣಿನ ಹತ್ತಿರ ಒಂದು ನೂಲಿನಷ್ಟು ಹಸಿರು ಸಿಕ್ಕರೂ ಸಾಕು. ಸತ್ತದ್ದಕ್ಕೆ ಗುರುತಿಗೆ ಬೂದಿ ಹಾಕು, ಇದ್ದದ್ದಕ್ಕೆ ಒಂದು ಲೋಟ ನೀರು ಹಾಕು. ಮರುದಿನ ಹಾಕಬೇಡ. ಮಣ್ಣು ಮುಟ್ಟಿ ನೋಡಿ ಆಮೇಲೆ ಹಾಕು. ನಿನಗೆ ನೀರು ಸಿಗದೆ ಇದ್ದದ್ದೇ ಆ ಗಿಡಗಳ ಪುಣ್ಯ. ನನ್ನ ಹಾಗೆ ನಿನಗೂ ಕೆರೆಯ ನೀರು ಕೈಗೆ ಸಿಕ್ಕಿದ್ದರೆ ಇಷ್ಟೊತ್ತಿಗೆ ಇಬ್ಬರೂ ಒಟ್ಟಿಗೆ ಅಳಬೇಕಿತ್ತು.

ಇನ್ನೊಂದು ಮಾತು. ಮಳೆ ಬರಲಿ ಎಂದು ಎಲ್ಲರೂ ಬೇಡುತ್ತಿದ್ದಾರೆ. ನೀನೂ ಬೇಡು. ಆದರೆ ಆ ಕಡ್ಡಿಗಳ ಮೇಲೆ ಮೊದಲ ಮಳೆ ಧೋ ಎಂದು ಬೀಳಲು ಬಿಡಬೇಡ. ನನಗೆ ಬರಕ್ಕಿಂತ ಈಗ ಆ ಮಳೆಯದೇ ಭಯ.

ಸರೋಜವ್ವ


ಸವಣೂರು
9 ಸೆಪ್ಟೆಂಬರ್ 2023

ಸರೋಜವ್ವ ಅತ್ತಿಯವರಿಗೆ,

ಕೆರೆದೆ. ಮೊದಲ ಕಡ್ಡಿ ಕಂದು. ಎರಡನೆಯದು ಕಂದು. ಮೂರನೆಯದರಲ್ಲಿ ಬುಡದ ಹತ್ತಿರ ಹಸಿರು ಕಂಡಿತು. ಅಲ್ಲೇ ಕೂತು ಅತ್ತೆ. ಅಂಥವು ಏಳು ಸಿಕ್ಕಿವೆ. ಏಳೇ. ಒಂದೊಂದಕ್ಕೂ ಹಳೆಯ ದುಪಟ್ಟಾದ ಚಿಂದಿ ಕಟ್ಟಿದ್ದೇನೆ. ಯಾರಾದರೂ ಕಸವೆಂದು ಕಿತ್ತುಬಿಟ್ಟರೆ ಎಂಬ ಭಯ.

ನಿನ್ನೆ ಮಳೆ ಬಂತು. ನಿಮಗೂ ಬಂದಿರಬೇಕು. ಮಧ್ಯಾಹ್ನ ಮೋಡ ಕಪ್ಪಾದಾಗ ಓಣಿಯ ಜನರೆಲ್ಲ ಅಂಗಳಕ್ಕೆ ಬಂದು ಮುಖ ಮೇಲೆ ಮಾಡಿ ನಿಂತರು. ನಾನು ಎಲೆ ಮುಚ್ಚುವ ತಾಡಪತ್ರಿ ಎಳೆದುಕೊಂಡು ಹೊಲಕ್ಕೆ ಓಡಿದೆ. ನಾಲ್ಕು ಗೂಟ ಹೊಡೆದು, ಏಳೂ ಗಿಡಗಳ ಮೇಲೆ ಹೊದಿಸಿ, ಗುದ್ದಲಿಯಿಂದ ಸುತ್ತ ಕಾಲುವೆ ತೆಗೆದೆ. ಬದುವಿನ ಮೇಲೆ ನಿಂತಿದ್ದ ಗುತ್ತೆವ್ವ ಬಿದ್ದು ಬಿದ್ದು ನಕ್ಕಳು. "ಊರೆಲ್ಲಾ ಮಳಿ ಬೇಡಿ ಸಾಯಾಕತ್ತೇತಿ, ಇಕಿ ನೋಡ್ರಿ, ಮಳಿಗೆ ಕೊಡಿ ಹಿಡದ ಕುಂತಾಳ!" ನಗಲಿ. ಅವಳ ಹೆಸರಿನಲ್ಲಿ ನಾನು ಎಷ್ಟು ಸುಳ್ಳು ಬರೆದಿದ್ದೇನೆ, ಅದಕ್ಕೆ ಇಷ್ಟಾದರೂ ಸಲ್ಲಬೇಕು.

ಗಾಳಿಗೆ ಒಂದು ಗೂಟ ಕಿತ್ತುಹೋಯಿತು. ಮಳೆ ನಿಲ್ಲುವವರೆಗೆ ಆ ಮೂಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತೆ. ನೆನೆದು ಮೈ ಕೊರಡಾಯಿತು. ಆಚೆ ಮಗ್ಗುಲಿನ ಗೋವಿನಜೋಳ ಸುರುಳಿ ಬಿಚ್ಚುತ್ತಿತ್ತು. ಅದಕ್ಕೆ ಅಷ್ಟು ಬೇಗ ತಿಳಿಯುತ್ತದೆ. ನನ್ನ ಕಡ್ಡಿಗಳಿಗೆ ಏನೂ ತಿಳಿದಂತೆ ಕಾಣಲಿಲ್ಲ.

ಮಾವನವರ ಕನ್ನಡಕ ತೆಗೆದಾಯಿತು. ಹೊಲ ಕೆಸರಾಗಿದೆ, ಜಾರುತ್ತದೆ ಎಂದು ತಡೆದಿದ್ದೇನೆ. ಎಷ್ಟು ದಿನ ಕೆಸರು ಇರುತ್ತದೆ ಅತ್ತಿ?

ಗುಲ್ನಾರ


ಹಿರೇಕೆರೂರು
12 ಸೆಪ್ಟೆಂಬರ್ 2023

ಗುಲ್ನಾರ,

ಕೆಸರು ಹೆಚ್ಚು ದಿನ ಇರುವುದಿಲ್ಲ. ಅವರು ಹೋಗಿ ನೋಡುವ ಮೊದಲು ನೀನೇ ಹೇಳು. ಅರ್ಧ ತಪ್ಪು ನನ್ನದೆಂದು ಹೇಳು. ಬೇಕಾದರೆ ಮುಕ್ಕಾಲು ಎನ್ನು. ಅವರಿಗಿಂತ ನಾನು ದೊಡ್ಡವಳು, ನನ್ನ ಮೇಲೆ ಕೂಗಾಡಿದರೂ ನನಗೆ ಕೇಳಿಸುವುದಿಲ್ಲ.

ಗಿಡ ತಡಮಾಡಿದರೆ ಹೆದರಬೇಡ ಎಂದು ಬರೆಯಬೇಕೆಂದುಕೊಂಡೆ. ಆದರೆ ನನಗೇ ಹೆದರಿಕೆ ಇದೆ, ಸುಳ್ಳು ಯಾಕೆ ಬರೆಯಲಿ? ಪ್ರಶಾಂತ ಬುಟ್ಟಿ ಬಿಚ್ಚುವಾಗ ದಿನಾ ಪಕ್ಕದಲ್ಲಿ ಹೋಗಿ ನಿಲ್ಲುತ್ತೇನೆ.

ಸರೋಜವ್ವ


ಸವಣೂರು
29 ಸೆಪ್ಟೆಂಬರ್ 2023

ಸರೋಜವ್ವ ಅತ್ತಿಯವರಿಗೆ,

ಇಷ್ಟು ದಿನ ಬರೆಯಲಿಲ್ಲ. ಒಳ್ಳೆಯದನ್ನು ಬರೆದ ಮರುದಿನ ಅದು ಕೆಟ್ಟರೆ ಎಂದು ಕೈ ಓಡಲಿಲ್ಲ. ಈಗ ಬರೆಯುತ್ತೇನೆ.

ಏಳಕ್ಕೆ ಏಳೂ ಚಿಗುರಿವೆ. ತುದಿಯಲ್ಲಿ ಅಲ್ಲ, ತುದಿ ಒಣಗಿಯೇ ಇದೆ. ಎಲೆ ಉದುರಿದ ಜಾಗದಲ್ಲಿ, ಪ್ರತಿ ಗೆಣ್ಣಿನ ಕಂಕುಳಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಮೂಡಿತು. ಈಗ ಅವು ಬೆರಳುದ್ದ ಆಗಿವೆ. ಎಲ್ಲಕ್ಕಿಂತ ಕೆಳಗಿನ ಚಿಗುರೇ ಎಲ್ಲಕ್ಕಿಂತ ಗಟ್ಟಿ.

ಮಾವನವರಿಗೆ ನಾನೇ ಹೇಳಿದೆ. ಡಬ್ಬಿ ಖಾಲಿ ಮಾಡಿದ್ದು, ದಿನಾ ಸುಳ್ಳು ಹೇಳಿದ್ದು, ನಿಮ್ಮಲ್ಲಿ ಗಿಡ ಹೋದದ್ದು, ಎಲ್ಲ. ಅವರು ಕೂಗಾಡಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ನಾನು ಇಟ್ಟ ತಾಟಿನಲ್ಲಿ ಉಂಡು ಎದ್ದು ಹೋಗುತ್ತಿದ್ದರು. ಆ ಎರಡು ದಿನ ನನಗೆ ಆಗಸ್ಟ್ ತಿಂಗಳಿಗಿಂತ ಕಠಿಣವಾದವು. ಮೂರನೆಯ ದಿನ ಹೊಲಕ್ಕೆ ಬಂದು ಚಿಂದಿ ಕಟ್ಟಿದ ಗಿಡಗಳ ಮುಂದೆ ಕೂತರು. ಒಂದೊಂದು ಚಿಗುರನ್ನೂ ಮುಟ್ಟಿ ನೋಡಿ ಹೇಳಿದರು: "ಪಾಳಿ ಮಾತ ನಾ ಹೇಳಬೇಕಿತ್ತವ್ವಾ. ನನ್ನ ತಪ್ಪೂ ಐತಿ." ಆಮೇಲೆ ಅದೇ ದನಿಯಲ್ಲಿ, "ಇದರಾಗ ಮೂರ ಹಿರೇಕೆರೂರಿಗೆ ಕಳಸು" ಎಂದರು.

ಬೇಡ ಎಂದೆ. ಮೊದಲ ಸಲ ಅವರಿಗೆ ಎದುರು ಮಾತಾಡಿದೆ. "ಈಗರ ಉಸರಾಡಾಕತ್ತಾವ್ರಿ ಮಾವಾ, ಕಿತ್ತರ ಸಾಯತಾವ. ಅಲ್ಲೆ ಒಮ್ಮೆ ಎಲ್ಲಾ ಹೋಗ್ಯಾವಲ್ರಿ" ಎಂದುಬಿಟ್ಟೆ. ಕ್ಷಮಿಸಿ ಅತ್ತಿ, ಹಾಗೇ ಅಂದೆ. ಅವರು ನನ್ನ ಕಡೆ ನೋಡಿದರು. "ಒಂದ ಮನ್ಯಾಗ ಇದ್ದದ್ದು ಬೀಜಲ್ಲವ್ವಾ, ಬರೇ ಮೆಣಸಿನಕಾಯಿ" ಎಂದರು.

ಹೊತ್ತು ಮುಳುಗಿದ ಮೇಲೆ ನಾನೇ ಕಿತ್ತೆ. ಬೇರಿನ ಮಣ್ಣು ಉದುರದಂತೆ ಹೆಂಟೆ ಸಮೇತ ಎತ್ತಿ, ಒದ್ದೆ ಗೋಣಿ ಸುತ್ತಿ, ಎಲೆಯ ನಡುವೆ ನಿಲ್ಲಿಸಿದ್ದೇನೆ. ದುರ್ಬಲವಾದವನ್ನು ಕಳಿಸೋಣ ಎಂದು ಕೈ ಆ ಕಡೆಗೇ ಹೋಗಿತ್ತು. ಕೊನೆಗೆ ಗಟ್ಟಿ ಇದ್ದ ಮೂರನ್ನೇ ಕಳಿಸಿದ್ದೇನೆ. ಬಸ್ಸಿನಲ್ಲಿ ಯಾರೂ ಬುಟ್ಟಿಯ ಮೇಲೆ ಚೀಲ ಇಡದಿರಲಿ.

ಅತ್ತಿ, ಮಧ್ಯಾಹ್ನ ಬಾಡಿದರೆ ನೀರು ಹಾಕಬೇಡಿ.

ಗುಲ್ನಾರ


ಹಿರೇಕೆರೂರು
1 ಅಕ್ಟೋಬರ್ 2023

ಗುಲ್ನಾರ,

ಮೂರೂ ಮುಟ್ಟಿದವು. ಒಂದರ ಚಿಗುರು ಮುರಿದಿದೆ, ಕೆಳಗಿನದು ಇದೆ. ಹಿತ್ತಲಿನ ನುಗ್ಗೆ ಮರದ ಅರೆ ನೆರಳಿನಲ್ಲಿ ನೆಟ್ಟೆ. ಒಂದೊಂದಕ್ಕೆ ಒಂದೇ ಲೋಟ ನೀರು ಹಾಕಿದೆ.

ಇವತ್ತು ಮಧ್ಯಾಹ್ನ ಅವು ಬಾಡಿದವು. ಮೂರೂ ತಲೆ ಕೆಳಗೆ ಹಾಕಿದವು. ಎಲೆ ಬಟ್ಟೆಯಂತೆ ಜೋತು ಬಿತ್ತು. ನಾನು ಮಣ್ಣು ಮುಟ್ಟಿ ನೋಡಿದೆ, ಹಸಿ ಇತ್ತು. ಹಸಿ ಇದ್ದರೂ ನನ್ನ ಕಾಲು ತಾನೇ ಒಳಗೆ ಹೋಗಿ ಕೊಡ ತಂದಿತು. ಗಿಡದ ಮುಂದೆ ಕೊಡ ಹಿಡಿದು ನಿಂತೆ. ಈಗ ಹಾಕದಿದ್ದರೆ ಸಾಯುತ್ತವೆ ಎಂದು ಒಂದು ಮನಸ್ಸು. ಹಾಕಿದರೆ ನಾನೇ ಕೊಂದಂತೆ ಎಂದು ಇನ್ನೊಂದು ಮನಸ್ಸು. ಅರವತ್ತು ದಾಟಿದ ಮೇಲೆ ಹೀಗೆ ಹೆದರಿ ನಿಲ್ಲುತ್ತೇನೆ ಎಂದುಕೊಂಡಿರಲಿಲ್ಲ.

ಪ್ರಶಾಂತನನ್ನು ಕೂಗಿ ಕೊಡ ಅವನ ಕೈಗೆ ಕೊಟ್ಟೆ. "ಇದನ್ನ ಒಳಗ ಒಯ್ದು ಕದಾ ಹಾಕ್ಕೋ. ನಾ ಎಷ್ಟ ಬಡದರೂ ಸಂಜೀತನಾ ತಗೀಬ್ಯಾಡ" ಎಂದೆ. ಅವನು ನಗಲಿಲ್ಲ, ಒಯ್ದು ಕದ ಹಾಕಿಕೊಂಡ.

ನಾನು ನುಗ್ಗೆಯ ಬುಡದಲ್ಲಿ ಕೂತೆ. ಒಂದು ಸಲ ಎದ್ದು ಹೋಗಿ ಕದ ಬಡಿದೆ, ಸುಳ್ಳು ಹೇಳುವುದಿಲ್ಲ. ಅವನು ತೆಗೆಯಲಿಲ್ಲ. ಮತ್ತೆ ಬಂದು ಕೂತೆ. ಹೊತ್ತು ಇಳಿಯಿತು. ಮೊದಲು ಮುರಿದ ಚಿಗುರಿನ ಗಿಡ, ಆಮೇಲೆ ಉಳಿದ ಎರಡು, ತಾವಾಗಿಯೇ ತಲೆ ಎತ್ತಿದವು. ನಾನು ಏನೂ ಮಾಡಿರಲಿಲ್ಲ.

ನಾಳೆ ಮಧ್ಯಾಹ್ನ ಮತ್ತೆ ಬಾಡುತ್ತವೆ. ಕೊಡವನ್ನು ಪ್ರಶಾಂತನ ಅಂಗಡಿಗೆ ಕಳಿಸಿದ್ದೇನೆ.

ಸರೋಜವ್ವ